ಅಲಾರಂ ಕೂಗದ ಮನೆ

ಆಸ್ಟ್ರೇಲಿಯಾಕ್ಕೆ ಹೋಗಿಬಂದವರು ಕಾಂಗರೂ ಕಂಡೆವು, ಸಮುದ್ರ ಕಂಡೆವು ಅನ್ನುತ್ತಾರೆ. ನಾನು ಕಂಡಿದ್ದು ಹೆಚ್ಚಾಗಿ ಮನೆಗಳ ಸೂರು. ಕತ್ತೆತ್ತಿ ಕತ್ತೆತ್ತಿ ನೋಡಿ ಕುತ್ತಿಗೆ ಹಿಡಿದುಕೊಂಡು, ಊರಿಗೆ ಬಂದ ಮೇಲೆ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಬೇಕಾಯಿತು. ಸೂರಿನಲ್ಲಿ ಅಂಥದ್ದೇನಿದೆ ಅಂತೀರಾ? ಅಂಗೈಯಗಲದ ಒಂದು ಬಿಳೀ ಡಬ್ಬಿ ಇದೆ. ಹೊಗೆ ಬಂತೆಂದರೆ ಕಿರುಚಲು ಶುರು ಮಾಡುತ್ತದೆ. ಅದಕ್ಕೆ ಸ್ಮೋಕ್ ಅಲಾರಂ ಎಂದು ಹೆಸರು.

ನನ್ನ ಕಸುಬು ಹೇಳಿದರೆ ನನ್ನ ಕಷ್ಟ ನಿಮಗೆ ತಿಳಿದೀತು. ನಾನು ಹುಬ್ಬಳ್ಳಿಯಲ್ಲಿ ಮಸಾಲೆ ಖಾರ ಮಾಡಿ ಮಾರುವವಳು. ಬ್ಯಾಡಗಿ ಮೆಣಸಿನಕಾಯಿ ಹುರಿಯಬೇಕು, ಒಣಕೊಬ್ಬರಿ ಹುರಿಯಬೇಕು, ಬಳ್ಳೊಳ್ಳಿ ಎಣ್ಣೆಯಲ್ಲಿ ಕೆಂಪಗೆ ಮಾಡಬೇಕು. ಅರ್ಧ ಆಯುಷ್ಯ ಹೊಗೆಯಲ್ಲೇ ಹೋಗಿದೆ. ನಮ್ಮ ಓಣಿಯವರು ಒಟ್ಟಿಗೇ ಕೆಮ್ಮಿದರೆ ಕಮಲಕ್ಕ ಹುರಿಯಲು ಕೂತಳು ಅಂತಲೇ ಲೆಕ್ಕ. ಅಂಥವಳನ್ನು ಹೊಗೆಯೇ ಆಗದ ದೇಶಕ್ಕೆ ಟಿಕೆಟ್ ಕಳಿಸಿ ಕರೆಸಿಕೊಂಡರಲ್ಲ, ನಮ್ಮವರ ಧೈರ್ಯ ಮೆಚ್ಚಬೇಕು.

ವಿಂಡಮ್ ವೇಲ್, ಮೆಲ್ಬರ್ನ್

ಮೊದಲು ಇಳಿದಿದ್ದು ನನ್ನ ತಂಗಿಯ ಮಗ ಪ್ರವೀಣನ ಮನೆಯಲ್ಲಿ. ಹೊಸ ಬಡಾವಣೆ, ಹೊಸ ಮನೆ, ಒಂದಕ್ಕೊಂದು ಅಚ್ಚೊತ್ತಿದಂಥ ಮನೆಗಳ ಸಾಲು. ವಾಕಿಂಗಿಗೆ ಹೋದವಳು ವಾಪಸ್ ಬರುವಾಗ ಪಕ್ಕದ ಮನೆಯ ಬಾಗಿಲು ತಟ್ಟಿದೆ ಅನ್ನುವುದು ಬೇರೆ ಮಾತು.

ಬಂದ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಹೊಸ ಮನೆಗೆ ಒಳ್ಳೆಯದಾಗಲಿ ಅಂತ ಎಲ್ಲ ಕೋಣೆಗೂ ಧೂಪ ತೋರಿಸುತ್ತ ಹೊರಟೆ. ಪಡಸಾಲೆಯ ಮಧ್ಯಕ್ಕೆ ಬಂದೆನೋ ಇಲ್ಲವೋ, ತಲೆಯ ಮೇಲಿನ ಡಬ್ಬಿ ಚೀರಿತು. ಅದು ಚೀರಿದ್ದೇ ತಡ, ಮಲಗುವ ಕೋಣೆಯದು ಚೀರಿತು, ಮಹಡಿಯ ಮೇಲಿನದು ಚೀರಿತು. ನಮ್ಮ ಓಣಿಯಲ್ಲಿ ಒಂದು ನಾಯಿ ಬೊಗಳಿದರೆ ಉಳಿದವೆಲ್ಲ ಏನು ಎತ್ತ ಕೇಳದೆ ದನಿಗೂಡಿಸುತ್ತವಲ್ಲ, ಥೇಟ್ ಹಾಗೆ. ನಾನು ಧೂಪದ ಪಾತ್ರೆ ಹಿಡಿದು ಅಲ್ಲಿಂದ ಇಲ್ಲಿಗೆ ಓಡಿದಂತೆಲ್ಲ ಅವಕ್ಕೆ ಇನ್ನೂ ಹುರುಪು ಬಂತು. ಪ್ರವೀಣನ ಮಗಳು ಅನಿಕಾ ಎರಡೂ ಕಿವಿ ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿ ಅಂಗಳಕ್ಕೆ ಹೋಗಿ ನಿಂತಳು. ಅವರ ಶಾಲೆಯಲ್ಲಿ ಹಾಗೆ ಕಲಿಸಿದ್ದಾರಂತೆ: ಕೂಗು ಕೇಳಿದರೆ ಪ್ರಶ್ನೆ ಕೇಳಬಾರದು, ಹೊರಗೆ ಹೋಗಬೇಕು. ಹುಡುಗಿ ಹೋಗಿದ್ದು ಸರಿ. ಹೋಗುವಾಗ ದೊಡ್ಡಜ್ಜಿಯನ್ನು ಒಳಗೇ ಬಿಟ್ಟು ಹೋದಳಲ್ಲ, ಅದೊಂದು ನನಗೆ ಹಿಡಿಸಲಿಲ್ಲ.

ಪ್ರವೀಣನ ಹೆಂಡತಿ ಅಶ್ವಿನಿ ಬೆಂಗಳೂರಿನವಳು, ತಾಳ್ಮೆಯ ಹುಡುಗಿ. ಅವಳು ಒಂದು ಟವೆಲ್ ತಂದು ಡಬ್ಬಿಯ ಕೆಳಗೆ ಬೀಸತೊಡಗಿದಳು, ದೇವರಿಗೆ ಚಾಮರ ಬೀಸುವ ಹಾಗೆ. ಅವತ್ತಿನಿಂದ ನನಗೆ ಪಾಠ ಶುರುವಾಯಿತು. ಒಲೆ ಹಚ್ಚುವ ಮೊದಲು ಮೇಲಿನ ಹೊಗೆ ಎಳೆಯುವ ಮಶಿನ್ ಆನ್ ಮಾಡಬೇಕು. ಕಿಟಕಿ ತೆರೆಯಬೇಕು. ಪಡಸಾಲೆಯ ಬಾಗಿಲು ಹಾಕಬೇಕು. ಇಷ್ಟಾದ ಮೇಲೆ ಸಾಸಿವೆ ಸಿಡಿಸಬಹುದು. ಕಿಟಕಿ ತೆರೆದರೆ ಆಗಸ್ಟಿನ ಚಳಿಗಾಳಿ ಒಳನುಗ್ಗುತ್ತದೆ, ಯಾಕೆಂದರೆ ನಮ್ಮ ಶ್ರಾವಣ ಅವರಿಗೆ ಚಳಿಗಾಲ. ಸ್ವೆಟರ್, ಟೋಪಿ, ಮಫ್ಲರ್ ಹಾಕಿಕೊಂಡು ನಾನು ಒಗ್ಗರಣೆ ಕೊಟ್ಟ ಫೋಟೋ ನಮ್ಮ ಮನೆಯವರ ಮೊಬೈಲಿನಲ್ಲಿ ಈಗಲೂ ಇದೆ. ಬಂದವರಿಗೆಲ್ಲ ತೋರಿಸಿ ನಗುತ್ತಾರೆ.

ಒಂದು ಬೆಳಿಗ್ಗೆ ಪ್ರವೀಣ ಕಸಬರಿಗೆಯ ಹಿಡಿಯಿಂದ ಡಬ್ಬಿಯ ನಡುವಿನ ಗುಂಡಿ ಒತ್ತಿದ. ಅದು ಕಿರುಚಿತು. ಅವನು ಖುಷಿಯಿಂದ ತಲೆಯಾಡಿಸಿದ. ಹೊಗೆಯೂ ಇಲ್ಲ, ಬೆಂಕಿಯೂ ಇಲ್ಲ, ಸುಮ್ಮನೆ ಮಲಗಿದ್ದನ್ನು ಯಾಕೆ ಎಬ್ಬಿಸಿದೆಯಪ್ಪಾ ಅಂತ ಕೇಳಿದೆ. ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡಬೇಕಂತೆ. ಕೂಗಿದರೆ ಬದುಕಿದೆ ಅಂತ ಅರ್ಥ, ಕೂಗದಿದ್ದರೆ ಸತ್ತಿದೆ ಅಂತ ಅರ್ಥ. ಅದಕ್ಕೂ ಆಯುಷ್ಯ ಹತ್ತೇ ವರ್ಷ, ಆಮೇಲೆ ಹೊಸದು ಹಾಕಿಸಲೇಬೇಕಂತೆ. ನಮ್ಮ ಬಿ.ಪಿ.ಯನ್ನು ಇಷ್ಟು ನಿಷ್ಠೆಯಿಂದ ಯಾರೂ ನೋಡಿಲ್ಲ ಎಂದುಕೊಂಡೆ.

ಪಾಯಿಂಟ್ ಕುಕ್

ಒಂದು ಶನಿವಾರ ಫ್ರೀವೇ ಹಿಡಿದು ಪಾಯಿಂಟ್ ಕುಕ್‌ನಲ್ಲಿರುವ ಬೆಳಗಾವಿಯ ದಂಪತಿಯ ಮನೆಗೆ ಊಟಕ್ಕೆ ಹೋದೆವು. ಅವರದು ಬಾಡಿಗೆ ಮನೆ. ಹೋದಾಗ ಯಜಮಾನತಿ ಮೈಮೇಲೆ ದೇವರು ಬಂದವಳ ಹಾಗೆ ಮನೆ ಒರೆಸುತ್ತಿದ್ದಳು. ನಮಗಾಗಿ ಇಷ್ಟೊಂದು ಯಾಕಮ್ಮ ಅಂದರೆ, ನಿಮಗಲ್ಲ ಆಂಟಿ, ಸೋಮವಾರ ಅಲಾರಂ ನೋಡಲು ಎಲೆಕ್ಟ್ರಿಷಿಯನ್ ಬರುತ್ತಾನೆ ಅಂದಳು. ವರ್ಷಕ್ಕೊಮ್ಮೆ ಮನೆ ಮಾಲೀಕ ತನ್ನ ಖರ್ಚಿನಲ್ಲಿ ಅಲಾರಂ ಪರೀಕ್ಷೆ ಮಾಡಿಸಬೇಕಂತೆ, ಕೆಟ್ಟಿದ್ದರೆ ತಡಮಾಡದೆ ಸರಿಮಾಡಿಸಬೇಕಂತೆ. ಬಾಡಿಗೆಯವರು ಅದನ್ನು ಕೀಳುವ ಹಾಗಿಲ್ಲ, ಬಟ್ಟೆ ಸುತ್ತುವ ಹಾಗಿಲ್ಲ, ಕೆಟ್ಟರೆ ಕೂಡಲೇ ಹೇಳಬೇಕು.

ನನಗೆ ಇದು ದೊಡ್ಡ ಸೋಜಿಗ. ನಮ್ಮೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋಗಿ ನೋಡಿ. ನೀವು ಯಾವ ಮಂದಿ, ಮೊಟ್ಟೆ ತಿಂತೀರೇನು, ಬೀಗರು ಬಹಳ ಬರ್ತಾರೇನು, ನಳದ ನೀರು ಎಷ್ಟು ಕೊಡ ಹಿಡೀತೀರಿ, ಎಲ್ಲ ಕೇಳುತ್ತಾರೆ. ಒಳಗೆ ಬೆಂಕಿ ಬಿದ್ದರೆ ನೀವು ಏಳುತ್ತೀರೋ ಇಲ್ಲವೋ ಅಂತ ಯಾವ ಮಾಲೀಕನೂ ಇವತ್ತಿನವರೆಗೆ ಕೇಳಿದ್ದಿಲ್ಲ. ಇಲ್ಲಿ ಮಾಲೀಕನಿಗೆ ನೀವು ಏನು ತಿಂತೀರಿ ಅನ್ನುವುದು ಬೇಕಿಲ್ಲ, ಜೀವಂತ ಉಳಿದರೆ ಸಾಕು.

ಊಟದ ಹೊತ್ತಿನಲ್ಲಿ ಎಲ್ಲರೂ ತಮ್ಮ ತಮ್ಮ ಅಲಾರಂನ ಕಥೆ ಹೇಳಿದರು. ಸೊಸೆಯರು ಕೂತು ಅತ್ತೆಯಂದಿರ ಸುದ್ದಿ ಹೇಳಿದ ಹಾಗೆಯೇ ಇತ್ತು: ನಮ್ಮದು ಚಪಾತಿಗೂ ಒದರುತ್ತೆ, ನಮ್ಮದು ಬಿಸಿನೀರಿನ ಹಬೆಗೂ ಒದರುತ್ತೆ. ಆಗ ಯಾರೋ ಒಬ್ಬರು, ಸಿಡ್ನಿಯಲ್ಲಿ ಒಂದು ಮನೆ ಇದೆಯಂತೆ, ಅಲ್ಲಿಯ ಅಲಾರಂ ಏನು ಮಾಡಿದರೂ ಕೂಗುವುದಿಲ್ಲವಂತೆ, ಅಲ್ಲಿಯ ಕನ್ನಡದವರ ಅಡುಗೆಯೆಲ್ಲ ಅಲ್ಲೇ ಅಂತೆ ಎಂದರು. ಮನೆ ಯಾರದು ಅಂತ ಕೇಳಿದೆ. ನನ್ನ ಬಾಲ್ಯದ ಗೆಳತಿ ಸುಮಿತ್ರಾಳದ್ದೇ.

ಗಿರಾವೀನ್, ಸಿಡ್ನಿ

ಸುಮಿತ್ರಾ ಮತ್ತು ನಾನು ಧಾರವಾಡದಲ್ಲಿ ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ಬೆಂಚಿನಲ್ಲಿ ಕೂತವರು. ಅವಳ ಗಂಡ ಮಹಾದೇವಪ್ಪನವರು ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಾರೆ. ಬೆಳಿಗ್ಗೆ ಬಂದು, ಎರಡು ರೊಟ್ಟಿ ತಿಂದು, ಕಿವಿಗೆ ಬೂಚು ತುರುಕಿಕೊಂಡು, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮಲಗಿದರೆ ಸಂಜೆಗೇ ಏಳುವುದು. ಮಾತು ಬಹಳ ಕಡಿಮೆ. ಹಳೇ ಕಾಲದ ಮನುಷ್ಯ, ಹೆಂಡತಿಯ ಹೆಸರು ಹಿಡಿದು ಕರೆದವರಲ್ಲ. ನಮ್ಮ ಎದುರಿಗೆ ಅವಳು 'ಇಕಿ', ಅವಳ ಎದುರಿಗೆ 'ಏನ ಕೇಳ್ತಿಯೇನ'. ಸುಮಿಗೂ ಅವರು 'ಇವ್ರು'. ಮದುವೆಯಾಗಿ ಇಷ್ಟು ವರ್ಷವಾಯಿತು, ಇಬ್ಬರೂ ಒಬ್ಬರಿಗೊಬ್ಬರು ಹೆಸರೇ ಇಲ್ಲದವರ ಹಾಗೆ ಸಂಸಾರ ಮಾಡಿದ್ದಾರೆ.

ಹಳೇ ಮನೆ, ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಒಂದು ಸಣ್ಣ ಓಣಿಯಂಥ ಜಾಗ, ಅದರ ಸೂರಿನಲ್ಲಿ ಡಬ್ಬಿ. ನಾನು ಬಂದ ದಿನವೇ ಸುಮಿ ಕಡಾಯಿಯಲ್ಲಿ ಮಿರ್ಚಿ ಬಜಿ ಬಿಟ್ಟಳು. ಅಡುಗೆಮನೆ ಹೊಗೆಯಿಂದ ನೀಲಿಯಾಯಿತು. ನಾನು ಅಭ್ಯಾಸಬಲದಿಂದ ಟವೆಲ್ ಹಿಡಿದು ಸಿದ್ಧಳಾದೆ. ಡಬ್ಬಿ ಕಿಮಕ್ ಅನ್ನಲಿಲ್ಲ. ಸುಮಿ ಬಜಿ ತಿರುವುತ್ತ ನಕ್ಕಳು, ಗೆದ್ದವಳ ನಗು.

ಅವಳ ಗೆಲುವು ಸಣ್ಣದಲ್ಲ. ಯಾರ ಮನೆಯ ಸೀಮಂತವಾದರೂ ಹೋಳಿಗೆ ಬೇಯುವುದು ಇಲ್ಲಿ. ಯುಗಾದಿ ಹಬ್ಬದ ಕರಿದ ಕಡಬು ಇಲ್ಲಿ. ಹೆಂಗಸರು ಹಿಟ್ಟು, ಎಣ್ಣೆ ಹೊತ್ತುಕೊಂಡು ಬೇರೆ ಬೇರೆ ಸಬರ್ಬುಗಳಿಂದ ಬರುತ್ತಾರೆ. ಈ ಮನೆಯ ವಾಸ್ತು ಚಲೋ ಐತಿ ಅಂತ ಒಬ್ಬರು ಅಂದರೆ, ಸುಮಿತ್ರಕ್ಕನ ಕೈಗುಣ ಅಂತ ಇನ್ನೊಬ್ಬರು. ಬರುವ ರವಿವಾರ ನಾನೇ ಅವರೆಲ್ಲರಿಗೆ ಹುಬ್ಬಳ್ಳಿಯ ಮಸಾಲೆ ಖಾರ ಹುರಿದು ತೋರಿಸುವುದು ಎಂದು ನಿಶ್ಚಯವಾಗಿತ್ತು. ಮೆಲ್ಬರ್ನಿನಲ್ಲಿ ಬಾಯಿ ಕಟ್ಟಿದ್ದ ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು.

ಆದರೆ ಕಲಿತ ವಿದ್ಯೆ ಸುಮ್ಮನಿರಗೊಡುವುದಿಲ್ಲ ನೋಡಿ. ಶುಕ್ರವಾರ ಮಧ್ಯಾಹ್ನ, ಪ್ರವೀಣ ಮಾಡಿದ ಹಾಗೆ ಕಸಬರಿಗೆ ಎತ್ತಿ ಡಬ್ಬಿಯ ಗುಂಡಿ ಒತ್ತಿದೆ. ಏನೂ ಇಲ್ಲ. ಇನ್ನೊಮ್ಮೆ ಒತ್ತಿದೆ. ಏನೂ ಇಲ್ಲ. ಕುರ್ಚಿ ಹತ್ತಿ ತಿರುವಿದೆ, ಡಬ್ಬಿ ಕೈಗೆ ಬಂತು. ಒಳಗೆ ಬ್ಯಾಟರಿ ಇರಬೇಕಾದ ಚೌಕ ಗೂಡು ಖಾಲಿ.

ಸುಮಿ ಅದನ್ನು ಇಸಿದುಕೊಂಡು ತಿರುವಿ ನೋಡಿದಳು. ಆಮೇಲೆ ನೆನಪು ಮಾಡಿಕೊಂಡಳು. ಕಳೆದ ನವೆಂಬರಿನಲ್ಲಿ ರಾಜ್ಯೋತ್ಸವದ ಹಾಡಿನ ತಾಲೀಮು ಇವರ ಮನೆಯಲ್ಲೇ ಆಗಿತ್ತು. ಸುಮಿಯ ಸರದಿ ಬರುವ ಹೊತ್ತಿಗೆ ಮೈಕಿನ ಬ್ಯಾಟರಿ ಮುಗಿಯಿತು. ಅಂಥದೇ ಚೌಕ ಬ್ಯಾಟರಿ ಈ ಡಬ್ಬಿಯಲ್ಲಿದೆ ಅಂತ ಯಾರೋ ನೆನಪು ಮಾಡಿದರು. ಆಮೇಲೆ ತಿರುಗಿ ಹಾಕಿದರಾಯಿತು ಅಂತ ಕುರ್ಚಿ ಹತ್ತಿ ತೆಗೆದುಕೊಟ್ಟವರು ಬೇರೆ ಯಾರೂ ಅಲ್ಲ, ಆಗ ತಾನೇ ಎದ್ದು ಡ್ಯೂಟಿಗೆ ಹೊರಟಿದ್ದ ಮಹಾದೇವಪ್ಪನವರೇ. ಸುಮಿ ಹಾಡಿದಳು, ಎಲ್ಲರೂ ಹೊಗಳಿದರು. ಬ್ಯಾಟರಿ ಮೈಕಿನ ಜತೆಗೇ ಯಾರದೋ ಕಾರಿನಲ್ಲಿ ಹೊರಟು ಹೋಯಿತು. ಪರದೇಶದಲ್ಲಿ ನಿಂತು ಕನ್ನಡವನ್ನು ಮೆರೆಸಲು ನಮ್ಮವರು ಏನೇನೋ ತ್ಯಾಗ ಮಾಡುತ್ತಾರೆ ಅಂತ ಕೇಳಿದ್ದೆ. ಸ್ಮೋಕ್ ಅಲಾರಂ ತ್ಯಾಗ ಮಾಡಿದ್ದನ್ನು ಕಣ್ಣಾರೆ ಕಂಡೆ.

ನಾನು ನಕ್ಕೆ. ಅವಳು ನಗಲಿಲ್ಲ. ಇವತ್ತೇ ಬ್ಯಾಟರಿ ತಂದು ಹಾಕು ಅಂದೆ. ರವಿವಾರ ಮುಗಿಯಲಿ ಅಂದಳು. ಇದು ಆಡುವ ಮಾತೇನೇ ಅಂತ ಬೈದೆ. ಆಗ ಅವಳು ಕೈಯಲ್ಲಿದ್ದ ಡಬ್ಬಿಯನ್ನು ತಿರುಗಿಸುತ್ತ, ತಲೆ ಎತ್ತದೆ ಹೇಳಿದಳು:

"ಮಂದಿ ಬರೂದು ನನ್ನ ನೋಡಾಕಲ್ಲ, ಕಮಲಾ. ಇದು ಸುಮ್ನೈತಿ ಅಂತ ಬರ್ತಾರ. ಆ ತಾಲೀಮಿನ ಮೊದಲ ಈ ಮನಿಗೆ ಯಾರೂ ಬರ್ತಿದ್ದಿಲ್ಲ. ಇವ್ರು ಹಗಲೆಲ್ಲಾ ಮಲಗ್ತಾರ, ರಾತ್ರಿ ಇರಂಗಿಲ್ಲ. ನಾ ಗೋಡಿ ಜೋಡಿ ಮಾತಾಡ್ತಿದ್ದೆ."

ರವಿವಾರದವರೆಗೆ ಅಷ್ಟೇ ತಾನೆ ಅಂತ ಒಪ್ಪಿ, ಖಾಲಿ ಡಬ್ಬಿಯನ್ನು ಮತ್ತೆ ಸೂರಿಗೆ ಸಿಕ್ಕಿಸಿದೆ. ಖರೆ ಹೇಳಬೇಕೆಂದರೆ, ಅಷ್ಟು ಹೆಂಗಸರ ಎದುರಿಗೆ ನನ್ನ ಖಾರದ ಗತ್ತು ತೋರಿಸುವ ಆಸೆ ನನಗೂ ಇತ್ತು.

ಗಿರಾವೀನ್, ಶನಿವಾರ

ಮರುದಿನ ಸುಮಿ ಮೆಣಸಿನಕಾಯಿ, ಕೊಬ್ಬರಿ ತರಲು ಅಂಗಡಿಗೆ ಹೋದಳು. ಮಹಾದೇವಪ್ಪನವರು ಕೋಣೆಯಲ್ಲಿ ಮಲಗಿದ್ದರು. ನಾನು ಒಂದು ಹಿಡಿ ಬಳ್ಳೊಳ್ಳಿ ಎಣ್ಣೆಗೆ ಹಾಕಿ, ಕೊತ್ತಂಬರಿ ಕಾಳು ಆರಿಸುತ್ತ ಬೆನ್ನು ತಿರುಗಿಸಿ ಕೂತಿದ್ದೆ. ಒಲೆಯ ಪಕ್ಕ ನೇತು ಹಾಕಿದ್ದ ಕೈವಸ್ತ್ರದ ತುದಿ ಬರ್ನರಿನ ಮೇಲೆ ಜಾರಿತ್ತು. ವಾಸನೆ ಬಂದು ತಿರುಗಿ ನೋಡುವಷ್ಟರಲ್ಲಿ ಜ್ವಾಲೆ ಮೇಲಿನ ಕಪಾಟು ಮುಟ್ಟಲು ಹವಣಿಸುತ್ತಿತ್ತು.

ನಾನು ಬೆಂಕಿ ಬೆಂಕಿ ಅಂತ ಕೂಗಿಕೊಂಡೆ. ನನ್ನ ದನಿ ಸಣ್ಣದಲ್ಲ, ಹುಬ್ಬಳ್ಳಿಯ ಸಂತೆಯಲ್ಲಿ ಪಳಗಿದ್ದು. ಚಿಮಟಿಗೆಯಿಂದ ಬಟ್ಟೆ ಹಿಡಿದು ಸಿಂಕಿಗೆ ಎಸೆದು ನಳ ತಿರುವಿದೆ, ಒಲೆ ಆರಿಸಿದೆ. ಅಷ್ಟಕ್ಕೆ ಮುಗಿಯಿತು. ಕಪಾಟಿನ ಅಂಚು ಸ್ವಲ್ಪ ಕಪ್ಪಾಗಿತ್ತು, ಅಷ್ಟೇ. ಪಾಪ ಆ ಮನುಷ್ಯ ಗಾಬರಿಯಾಗಿ ಎದ್ದಿರುತ್ತಾನೆ, ಸಮಾಧಾನ ಹೇಳೋಣ ಅಂತ ಕೋಣೆಯ ಬಾಗಿಲಿಗೆ ಹೋದೆ.

ಒಳಗೆ ಗೊರಕೆ. ಬಾಗಿಲು ತಟ್ಟಿದೆ, ಗೊರಕೆ. ಜೋರಾಗಿ ಗುದ್ದಿದೆ. ಗೊರಕೆ ಒಂದು ಗಳಿಗೆ ನಿಂತು, ಮಗ್ಗುಲು ಬದಲಿಸಿ ಮತ್ತೆ ಶುರುವಾಯಿತು. ಓಣಿಯಂಥ ಆ ಜಾಗದಲ್ಲೆಲ್ಲ ಹೊಗೆ ತುಂಬಿತ್ತು, ಬಾಗಿಲ ಸಂದಿಯಿಂದ ಒಳಗೂ ಎಳೆ ಎಳೆಯಾಗಿ ಹೋಗುತ್ತಿತ್ತು. ತಲೆಯ ಮೇಲೆ ಆ ಖಾಲಿ ಡಬ್ಬಿ ಬಾಯಿ ಸತ್ತು ಕೂತಿತ್ತು. ನಾನು ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತುಬಿಟ್ಟೆ. ಹೊಗೆ ಅಂದರೆ ಅವತ್ತಿನವರೆಗೆ ನನಗೆ ಹೊಟ್ಟೆಪಾಡು. ಮೊದಲ ಸಲ ಅದನ್ನು ಕಂಡು ಹೆದರಿದೆ.

ಸುಮಿ ಬಂದಾಗ ಸುಟ್ಟ ಬಟ್ಟೆ ತೋರಿಸಿದೆ, ಕಪಾಟಿನ ಅಂಚು ತೋರಿಸಿದೆ. ಆಮೇಲೆ ಕೈಹಿಡಿದು ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋಗಿ, ಎಷ್ಟು ಜೋರು ಗುದ್ದಬೇಕೋ ಅಷ್ಟು ಜೋರು ಗುದ್ದಿದೆ. ಒಳಗಿನಿಂದ ಗೊರಕೆಯೇ ಉತ್ತರ ಕೊಟ್ಟಿತು. ಸುಮಿಯ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಚೀಲವನ್ನು ಅಲ್ಲೇ ಇಟ್ಟು, ಚಪ್ಪಲಿ ಮೆಟ್ಟಿ ಮತ್ತೆ ಅಂಗಡಿಗೆ ಓಡಿದಳು. ಅವಳು ತಂದ ಬ್ಯಾಟರಿಯನ್ನು ನಾನು ಕುರ್ಚಿ ಹತ್ತಿ ಹಾಕಿದೆ. ಗುಂಡಿ ಒತ್ತಬೇಡ, ಮಲಗಿದವರು ಏಳುತ್ತಾರೆ ಅಂದಳು. ಏಳಲಿ ಅಂತಲೇ ತಾನೇ ಹಾಕುವುದು ಅಂದೆ. ಆದರೂ ಅವಳ ಮಾತು ಕೇಳಿ ಒತ್ತಲಿಲ್ಲ. ಸಣ್ಣ ದೀಪ ಮಿನುಗುವುದು ಕಂಡಿತು, ಅಷ್ಟಕ್ಕೆ ಬಿಟ್ಟೆ.

ಅವತ್ತು ಸಂಜೆ ಸುಮಿ ಊಟ ಸರಿಯಾಗಿ ಮಾಡಲಿಲ್ಲ. ಇನ್ನು ಯಾರೂ ಬರಲಿಕ್ಕಿಲ್ಲ ಅನ್ನುವುದು ಅವಳ ಮುಖದಲ್ಲೇ ಇತ್ತು. ಬರದಿದ್ದರೆ ಹಾಳಾಗಿ ಹೋಗಲಿ ಅಂತ ನಾನು ಬಾಯಿಗೆ ಬಂದಂತೆ ಅಂದೆ. ಅಂದ ಮೇಲೆ ನನಗೇ ಕೆಡುಕೆನಿಸಿತು.

ಗಿರಾವೀನ್, ರವಿವಾರ

ಹೆಂಗಸರು ಬಂದರು, ಅಡುಗೆಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮಹಾದೇವಪ್ಪನವರು ಶನಿವಾರದ ಪಾಳಿ ಮುಗಿಸಿ ಬಂದು ಎಂದಿನ ಹಾಗೆ ಮಲಗಿದ್ದರು. ನಾನು ಕಿಟಕಿ ತೆರೆಸಿದೆ, ಮೇಲಿನ ಮಶಿನ್ ಹಾಕಿಸಿದೆ, ಮೆಲ್ಬರ್ನಿನ ಪಾಠವನ್ನೆಲ್ಲ ಒಪ್ಪಿಸಿದೆ. ಈ ಮನೆಯಲ್ಲಿ ಅದೆಲ್ಲ ಬೇಡ ಕಮಲಕ್ಕ ಅಂತ ಒಬ್ಬರು ನಕ್ಕರು. ಸುಮಿ ನನ್ನ ಮುಖ ನೋಡಿದಳು. ಅಲಾರಂನಲ್ಲಿ ಈಗ ಬ್ಯಾಟರಿ ಇದೆ ಅಂತ ಎಲ್ಲರಿಗೂ ಅವಳೇ ಹೇಳಬೇಕೆಂದಿದ್ದಳು, ಆದರೆ ಸೌಟು ಎತ್ತಿಕೊಂಡು ಒಲೆಯ ಕಡೆ ತಿರುಗಿಬಿಟ್ಟಳು.

ಕೊತ್ತಂಬರಿ ಆಯಿತು, ಕೊಬ್ಬರಿ ಆಯಿತು, ಡಬ್ಬಿ ಸುಮ್ಮನಿತ್ತು. ನನಗೂ ಧೈರ್ಯ ಬಂತು. ಬ್ಯಾಡಗಿಯ ಮೇಲೆ ಒಂದು ಚಮಚ ಎಣ್ಣೆ ಬಿಟ್ಟು ಬಾಣಲೆಗೆ ಹಾಕಿದೆ. ಘಾಟು ಎದ್ದಿತು. ಎಲ್ಲರೂ ಸೆರಗಿನಿಂದ, ದುಪಟ್ಟಾದಿಂದ ಮೂಗು ಮುಚ್ಚಿ ಆಹಾ ಊರು ನೆನಪಾಯಿತು ಅಂತ ಕೆಮ್ಮತೊಡಗಿದರು. ಅಷ್ಟರಲ್ಲಿ ಡಬ್ಬಿ ಬಾಯಿ ಬಿಟ್ಟಿತು. ನವೆಂಬರಿನಿಂದ ಕಟ್ಟಿಟ್ಟಿದ್ದನ್ನೆಲ್ಲ ಒಂದೇ ಸಲ ಕಕ್ಕಿದ ಹಾಗೆ ಕಿರುಚಿತು.

ಯಾರೋ ಬಾಗಿಲು ತೆರೆದರು, ಯಾರೋ ದುಪಟ್ಟಾ ಬೀಸಿದರು. ಸುಮಿ ಒಲೆಯ ಮುಂದೆ ಕಲ್ಲಾಗಿ ನಿಂತಳು, ಕಣ್ಣಲ್ಲಿ ನೀರು. ಘಾಟಿಗೋ, ಬೇರೆಯದಕ್ಕೋ ನನಗೆ ತಿಳಿಯಲಿಲ್ಲ. ಆಗ ಕೋಣೆಯ ಬಾಗಿಲು ಗೋಡೆಗೆ ಅಪ್ಪಳಿಸಿತು. ಬನಿಯನ್ನು, ಲುಂಗಿ, ಹಣೆಯ ಮೇಲೆ ಕಪ್ಪು ಪಟ್ಟಿ, ಒಂದು ಕಿವಿಯಲ್ಲಿ ಇನ್ನೂ ಬೂಚು. ಮಹಾದೇವಪ್ಪನವರು ಹೊಗೆಯೊಳಗೆ ಕೈ ಚಾಚಿ ತಡಕುತ್ತ ಬಂದರು.

"ಸುಮಿತ್ರಾ! ಎಲ್ಲಿದ್ದೀಯವಾ? ಸುಮಿತ್ರಾ!"

ಅಷ್ಟು ಹೆಂಗಸರು ಎದುರಿಗೆ ನಿಂತಿದ್ದರು, ಅವರ ಕಣ್ಣಿಗೆ ಒಬ್ಬರೂ ಬೀಳಲಿಲ್ಲ. ನನ್ನನ್ನು ಪಕ್ಕಕ್ಕೆ ತಳ್ಳಿ, ಹೆಂಡತಿಯ ರಟ್ಟೆ ಹಿಡಿದು, ಸೌಟಿನ ಸಮೇತ ಹಿತ್ತಿಲಿಗೆ ಎಳೆದುಕೊಂಡು ಹೋದರು. ಹುಲ್ಲಿನ ಮೇಲೆ ನಿಲ್ಲಿಸಿ ಅವಳ ತಲೆ, ಕೈ, ಸೀರೆಯ ಸೆರಗು ಎಲ್ಲ ಮುಟ್ಟಿ ಮುಟ್ಟಿ ನೋಡಿದರು.

"ನನಗೇನೂ ಆಗಿಲ್ರೀ," ಅಂದಳು ಸುಮಿ. "ಮೆಣಸಿನಕಾಯಿ ಅಷ್ಟ."

ಆಗ ಅವರಿಗೆ ಎಚ್ಚರವಾಯಿತು. ಬನಿಯನ್ನು ನೋಡಿಕೊಂಡರು, ಬಾಗಿಲಲ್ಲಿ ನಿಂತ ಹೆಂಗಸರ ಸಾಲು ನೋಡಿದರು. ಕಪ್ಪು ಪಟ್ಟಿಯನ್ನು ಕಣ್ಣಿನ ಮೇಲೆ ಎಳೆದುಕೊಂಡರೆ ತಾವು ಯಾರಿಗೂ ಕಾಣಿಸಲಿಕ್ಕಿಲ್ಲ ಅಂತ ಒಂದು ಗಳಿಗೆ ಯೋಚಿಸಿದಂತೆ ನನಗನ್ನಿಸಿತು. ಕೊನೆಗೆ ನನ್ನ ಕಡೆ ತಿರುಗಿ, ಕಮಲಕ್ಕಾರ, ಖಾರ ಭಾಳ ಜೋರೈತ್ರಿ ಅಂತ ಹೇಳಿ, ಲುಂಗಿ ಬಿಗಿ ಮಾಡಿಕೊಂಡು ಒಳಗೆ ನಡೆದರು. ಬಾಗಿಲು ಹಾಕಿಕೊಂಡ ಸದ್ದು ಕೇಳುವವರೆಗೆ ಹೆಂಗಸರು ಹೇಗೋ ತಡೆದುಕೊಂಡರು. ಆಮೇಲೆ ನಕ್ಕ ನಗುವಿಗೆ ಅಲಾರಂ ಕೂಡ ಸೋತು ಸುಮ್ಮನಾಯಿತು.

ಉಳಿದ ಮೆಣಸಿನಕಾಯಿಯನ್ನು ಹಿತ್ತಿಲಿನ ಬಾರ್ಬೆಕ್ಯೂ ಒಲೆಯ ಮೇಲೆ, ಚಳಿಗಾಳಿಯಲ್ಲಿ, ಮಫ್ಲರ್ ಸುತ್ತಿಕೊಂಡು ಹುರಿದೆ. ಬೇಲಿಯಾಚೆಯ ಚೀನೀ ಮುದುಕಿ ಕೆಮ್ಮುತ್ತ ಇಣುಕಿ ನೋಡಿ, ಒಂದು ಡಬ್ಬಿ ಖಾರ ಇಸಿದುಕೊಂಡು ಹೋದಳು. ಬ್ಯಾಟರಿಯ ಕಥೆಯನ್ನು ಸುಮಿ ಅಲ್ಲೇ ಎಲ್ಲರಿಗೂ ಹೇಳಿದಳು. ಕೇಳಿದವರಲ್ಲಿ ಇಬ್ಬರು ಬೇಗ ಹೊರಟರು, ತಮ್ಮ ಮನೆಯ ಡಬ್ಬಿಯ ಗುಂಡಿ ಒತ್ತಿ ನೋಡಬೇಕಂತೆ. ಉಳಿದವರು ಕತ್ತಲಾಗುವವರೆಗೆ ಹಿತ್ತಿಲು ಬಿಟ್ಟು ಏಳಲಿಲ್ಲ.

ಹುಬ್ಬಳ್ಳಿ

ಮೊನ್ನೆ ಸುಮಿ ವಿಡಿಯೋ ಕಾಲ್ ಮಾಡಿದ್ದಳು. ಈಗಲೂ ಹೆಂಗಸರು ಬರುತ್ತಾರಂತೆ, ಹಿಟ್ಟು, ಎಣ್ಣೆ ಇಲ್ಲದೆ ಬರಿಗೈಯಲ್ಲಿ ಬಂದು ಚಹಾ ಕುಡಿದು ಹೋಗುತ್ತಾರಂತೆ. ಮಹಾದೇವಪ್ಪನವರು ಮಾತ್ರ ಅವರಿದ್ದಾಗ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲವಂತೆ. ಮತ್ತೆ 'ಇಕಿ', 'ಏನ ಕೇಳ್ತಿಯೇನ' ಅನ್ನುವುದಕ್ಕೇ ಹೋಗಿದ್ದಾರಂತೆ.

ಅಲಾರಂ ತಿಂಗಳಿಗೊಮ್ಮೆ ಒತ್ತಿ ನೋಡುತ್ತೀಯೇನೇ ಅಂತ ವಿಚಾರಿಸಿದೆ. ತಪ್ಪದೆ ಒತ್ತುತ್ತಾಳಂತೆ. ಯಾವಾಗ ಅಂದೆ. ಇವರು ಮಲಗಿದಾಗಲೇ ಅಂದಳು. ಅಯ್ಯೋ, ಪಾಪ, ರಾತ್ರಿಯೆಲ್ಲ ದುಡಿದು ಬಂದ ಮನುಷ್ಯನನ್ನು ಯಾಕೆ ಎಬ್ಬಿಸುತ್ತೀ ಅಂತ ಗದರಿದೆ. ಸುಮಿ ಫೋನನ್ನು ಮುಖದ ಹತ್ತಿರ ತಂದು, ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಟೆಸ್ಟ್ ಅಂತ ಅವ್ರಿಗೂ ಗೊತ್ತೈತಿ. ಆದ್ರೂ ಹೆಸರು ಹಿಡದ ಕೂಗ್ತಾ ಬರ್ತಾರ."